ಕೆಂಪು ಮಣ್ಣಿನಲ್ಲಿ ಕಬ್ಬಿಣದ ಬರ

ಕುಂಡದ ಗುಲಾಬಿ ಗಿಡದ ತುದಿಯಿಂದ ಎಳೆ ಎಲೆಯೊಂದನ್ನು ಕಿತ್ತು ಬಿಸಿಲಿಗೆ ಅಡ್ಡ ಹಿಡಿದು ನೋಡಿ. ಗಿಡ ಸುಖವಾಗಿದ್ದರೆ ನರ ಯಾವುದು, ನರಗಳ ನಡುವಿನ ಜಾಗ ಯಾವುದು ಎಂದು ಹುಡುಕಬೇಕು. ಎಲ್ಲ ಒಂದೇ ಹಸಿರು. ಬೆಂಗಳೂರಿನ ತಾರಸಿಗಳಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಕಾಣುವ ಎಲೆಯೇ ಬೇರೆ. ನಡುನರ, ಅದರಿಂದ ಕವಲೊಡೆದ ಸಣ್ಣ ನರಗಳು ಹಸಿರಾಗಿಯೇ ಇರುತ್ತವೆ, ಅವುಗಳ ನಡುವಿನದೆಲ್ಲ ನಿಂಬೆ ಹಳದಿಗೆ ತಿರುಗಿರುತ್ತದೆ. ಬುಡದ ಹಳೆಯ ಎಲೆಗಳಿಗೆ ಏನೂ ಆಗಿರುವುದಿಲ್ಲ, ಕಡುಹಸಿರಾಗಿಯೇ ಇರುತ್ತವೆ. ಫೋನಿನಲ್ಲಿ ಫೋಟೊ ತೆಗೆದು ನರ್ಸರಿಯವರಿಗೆ ತೋರಿಸಿದರೆ ಯೋಚನೆಯೇ ಇಲ್ಲದೆ ಉತ್ತರ ಬರುತ್ತದೆ: ‘ಮೈಕ್ರೋ ಕಮ್ಮಿಯಾಗಿದೆ ಸಾರ್, ಒಂದು ಪ್ಯಾಕೆಟ್ ತಗೊಂಡೋಗಿ ಹಾಕಿ.’

ಉತ್ತರ ಪೂರ್ತಿ ಸುಳ್ಳಲ್ಲ. ಎಳೆಯ ಎಲೆಯಲ್ಲಿ ಹಸಿರು ನರ, ಹಳದಿ ಒಡಲು ಎಂದರೆ ಕಬ್ಬಿಣದ ಕೊರತೆಯ ಲಕ್ಷಣವೇ. ಆದರೆ ಅದೇ ಕುಂಡದ ಮಣ್ಣನ್ನು ನೋಡಿ. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರದ ಕೆಂಪು ಮಣ್ಣು ಕೆಂಪಗಿರುವುದೇ ಕಬ್ಬಿಣದ ಆಕ್ಸೈಡಿನಿಂದ. ಭೂಮಿಯ ಹೊರಚಿಪ್ಪಿನಲ್ಲಿ ತೂಕದ ಲೆಕ್ಕದಲ್ಲಿ ಕಬ್ಬಿಣಕ್ಕೆ ನಾಲ್ಕನೇ ಸ್ಥಾನ, ಸುಮಾರು ಶೇ 5. ಹತ್ತು ಕಿಲೊ ಕೆಂಪು ಮಣ್ಣು ತುಂಬಿದ ಕುಂಡದಲ್ಲಿ ಕಬ್ಬಿಣ ನೂರಾರು ಗ್ರಾಂ ಇದ್ದರೆ ಆಶ್ಚರ್ಯವಿಲ್ಲ. ಗಿಡಕ್ಕೆ ಬೇಕಾದದ್ದೋ, ಒಣಗಿಸಿದ ಒಂದು ಕಿಲೊ ಎಲೆಗೆ 100 ಮಿಲಿಗ್ರಾಂನಷ್ಟು. ಗೋದಾಮಿನ ತುಂಬ ಅಕ್ಕಿಯಿದೆ, ಬೀಗದ ಕೈ ಕಾಣುತ್ತಿಲ್ಲ. ನಾವು ಬೀಗದ ಕೈ ಹುಡುಕುವುದನ್ನು ಬಿಟ್ಟು ಇನ್ನೊಂದು ಮೂಟೆ ತಂದು ಬಾಗಿಲಲ್ಲಿ ಇಳಿಸುತ್ತೇವೆ. ಕುಂಡದ ಗುಲಾಬಿಯಲ್ಲಿ ಕಾಣುವ ಲಘು ಪೋಷಕಾಂಶದ ಕೊರತೆ ಬಹುಪಾಲು ನೀರಿನ ಕಾಯಿಲೆ, ಗೊಬ್ಬರದ್ದಲ್ಲ ಎಂಬುದು ನನ್ನ ವಾದ.

ಲಘು ಪೋಷಕಾಂಶಗಳು ಎಂದರೆ ಎಂಟು: ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಂ, ಕ್ಲೋರಿನ್, ನಿಕಲ್. ಒಂದು ಧಾತು ಸಸ್ಯಕ್ಕೆ ಅನಿವಾರ್ಯ ಎಂದು ಒಪ್ಪಲು ಏನೇನು ತೋರಿಸಬೇಕು ಎಂಬ ನಿಯಮಗಳನ್ನು ಅರ್ನಾನ್ ಮತ್ತು ಸ್ಟೌಟ್ ಎಂಬ ವಿಜ್ಞಾನಿಗಳು 1939ರಲ್ಲಿ ಮುಂದಿಟ್ಟರು. ಬೋರಾನ್ ಬೇಕೇ ಬೇಕು ಎಂದು 1923ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಅವರೆ ಜಾತಿಯ ಗಿಡದ ಮೇಲೆ ಪ್ರಯೋಗ ಮಾಡಿ ತೋರಿಸಿದವರು ಕ್ಯಾಥರೀನ್ ವಾರಿಂಗ್‌ಟನ್. ನಿಕಲ್ ಪಟ್ಟಿಗೆ ಸೇರಿದ್ದು 1987ರಷ್ಟು ಈಚೆಗೆ. ‘ಲಘು’ ಎನ್ನುವುದು ಅಗತ್ಯದ ಪ್ರಮಾಣಕ್ಕೆ ಮಾತ್ರ ಅನ್ವಯ, ಮಹತ್ವಕ್ಕಲ್ಲ. ಸಾಮಾನ್ಯವಾಗಿ ಒಂದು ಕಿಲೊ ಒಣ ಎಲೆಯಲ್ಲಿ ಸಾರಜನಕ 15 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಸತುವಿಗೆ 20 ಮಿಲಿಗ್ರಾಂ ಸಾಕು, ತಾಮ್ರಕ್ಕೆ 6, ಮಾಲಿಬ್ಡಿನಂಗೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗ. ಈ ಅಳತೆಗಳನ್ನು ಒಂದು ಕ್ಷಣ ಮನಸ್ಸಿನಲ್ಲಿಟ್ಟುಕೊಂಡು, ‘ಗಿಡಕ್ಕೊಂದು ಚಮಚ’ ಎಂಬ ನಮ್ಮ ಮಾತನ್ನು ಕೇಳಿನೋಡಿ.

ಬೀಗಕ್ಕೆ ಬರೋಣ. ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣ ಇರುವುದು ತುಕ್ಕಿನ ರೂಪದಲ್ಲಿ, ಅದು ನೀರಿನಲ್ಲಿ ಕರಗುವುದು ಅತ್ಯಲ್ಪ. ಎಷ್ಟು ಕರಗುತ್ತದೆ ಎಂಬುದನ್ನು ಮಣ್ಣಿನ ರಸಸಾರ, ನಾವು ಪಿಎಚ್ ಎನ್ನುವುದು, ತೀರ್ಮಾನಿಸುತ್ತದೆ. ಪಿಎಚ್ ಒಂದಂಕಿ ಏರಿದರೆ ಕರಗುವ ಕಬ್ಬಿಣ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸತು, ಮ್ಯಾಂಗನೀಸುಗಳದ್ದು ನೂರರಲ್ಲಿ ಒಂದು ಪಾಲಿಗೆ. ಗುಲಾಬಿಗೆ ಹಿತವಾದದ್ದು 6ರಿಂದ 6.5. ಅದು 8ಕ್ಕೆ ಹೋದರೆ ಏನಾದೀತೆಂದು ನೀವೇ ಗುಣಿಸಿಕೊಳ್ಳಿ. ಗಿಡ ಸುಮ್ಮನೆ ಕೂತಿರುವುದಿಲ್ಲ, ಅದಕ್ಕೂ ತನ್ನದೇ ಉಪಾಯವಿದೆ. ಕಬ್ಬಿಣ ಸಾಲದೆಂದು ಗೊತ್ತಾದ ಕೂಡಲೇ ಎಳೆ ಬೇರಿನ ತುದಿ ಸುತ್ತಲಿನ ಮಣ್ಣಿಗೆ ಆಮ್ಲ ಬಿಡುತ್ತದೆ, ತುಕ್ಕಿನ ಕಬ್ಬಿಣವನ್ನು ಕರಗುವ ರೂಪಕ್ಕೆ ಬದಲಿಸಿ ಒಳಗೆ ಎಳೆದುಕೊಳ್ಳುತ್ತದೆ. ಈ ಉಪಾಯವನ್ನು ಮುಖ್ಯವಾಗಿ ಕೆಡಿಸುವುದು ನೀರಿನಲ್ಲಿರುವ ಬೈಕಾರ್ಬೊನೇಟ್. ಬೇರು ಬಿಟ್ಟಷ್ಟೂ ಆಮ್ಲವನ್ನು ಅದು ನುಂಗಿ ಕೂರುತ್ತದೆ.

ಬೈಕಾರ್ಬೊನೇಟ್ ಎಲ್ಲಿಂದ ಬರುತ್ತದೆ? ಬೋರ್‌ವೆಲ್‌ನಿಂದ. ಬಕೆಟ್ಟಿನ ಒಳಗೋಡೆಗೆ, ಗೀಸರ್ ಕಾಯಿಲಿಗೆ ಬಿಳಿ ಪೊರೆ ಕಟ್ಟುವ ಗಡಸು ನೀರಿನಲ್ಲಿ ಇರುವುದು ಅದೇ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕ್ಷಾರೀಯತೆ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯಿಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಮನುಷ್ಯನಿಗೆ ನಡೆಯುವ ನೀರು ಕುಂಡದ ಗಿಡಕ್ಕೆ ನಡೆಯಬೇಕೆಂದಿಲ್ಲ. 300 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೊಂದು ಲೀಟರ್ ಹಾಕಿದರೆ ವರ್ಷಕ್ಕೆ 100 ಗ್ರಾಂಗೂ ಹೆಚ್ಚು ಸುಣ್ಣದಕಲ್ಲಿನ ಪುಡಿ ಬೆರೆಸಿದ್ದಕ್ಕೆ ಸಮ. ಒಂದಿಷ್ಟು ಕುಂಡದ ತೂತಿನಿಂದ ಹರಿದುಹೋಗುತ್ತದೆ ನಿಜ, ಆದರೆ ಉಳಿದದ್ದೇ ಸಾಕು. ಹೊಲದಲ್ಲಿ ಇದು ಆಳಕ್ಕೆ, ಅಗಲಕ್ಕೆ ಹರಡಿಕೊಳ್ಳುತ್ತದೆ, ಮಳೆಗಾಲದಲ್ಲಿ ತೊಳೆದುಹೋಗುತ್ತದೆ. ಹನ್ನೆರಡು ಇಂಚಿನ ಕುಂಡದಲ್ಲಿ ಬೇರಿಗೆ ಓಡಿಹೋಗಲು ಜಾಗವಿಲ್ಲ.

ನಗರದ ಮನೆಗಳು ಇದಕ್ಕೆ ಇನ್ನೆರಡು ಉಪದ್ರವಗಳನ್ನು ಸೇರಿಸಿವೆ. ಒಂದು, ಆರ್‌ಒ ಯಂತ್ರ ಹೊರಗೆ ಬಿಡುವ ನೀರು. ಅದನ್ನು ಚರಂಡಿಗೆ ಬಿಡಲು ಮನಸ್ಸು ಒಪ್ಪುವುದಿಲ್ಲ, ಬಕೆಟ್ಟಿನಲ್ಲಿ ಹಿಡಿದು ಗಿಡಗಳಿಗೆ ಹಾಕುತ್ತೇವೆ. ನೀರು ಉಳಿಸುವ ಕಾಳಜಿ ದೊಡ್ಡದೇ. ಆದರೆ ಒಳ್ಳೆಯ ನೀರನ್ನು ನಮಗೆ ಕೊಟ್ಟು, ಅದರಲ್ಲಿದ್ದ ಲವಣವನ್ನೆಲ್ಲ ಯಂತ್ರ ಈ ಬಕೆಟ್ಟಿಗೆ ತುಂಬಿರುತ್ತದೆ. ಮೂಲ ನೀರಿಗಿಂತ ಇದು ಎಷ್ಟೋ ಪಾಲು ಗಡಸು. ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ, ಗುಲಾಬಿಗೆ ಬೇಡ. ಎರಡನೆಯದು ಅಪಾರ್ಟ್‌ಮೆಂಟುಗಳ ವಾಟರ್ ಸಾಫ್ಟ್‌ನರ್. ಹೆಸರು ಕೇಳಿ ನೀರು ಮೆದುವಾಯಿತು, ಗಿಡಕ್ಕೆ ಒಳ್ಳೆಯದು ಎಂದುಕೊಳ್ಳುತ್ತೇವೆ. ಅದು ಮಾಡುವುದು ಇಷ್ಟೇ: ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಬೈಕಾರ್ಬೊನೇಟ್ ಇದ್ದಲ್ಲೇ ಇರುತ್ತದೆ. ಗುಲಾಬಿಗೆ ಬೇಕಾದ ಎರಡು ಪೋಷಕಾಂಶ ಹೋಗಿ, ಬೇಡದ ಉಪ್ಪು ಬಂದಂತಾಯಿತು. ಇದರ ಮೇಲೆ ಹೊಸ ಸಿಮೆಂಟ್ ಕುಂಡವಾದರೆ ಅದರ ಗೋಡೆಯಿಂದಲೂ ಸುಣ್ಣದಂಶ ಸೋರುತ್ತದೆ. ಗಿಡ ನೆಡುವ ಮುನ್ನ ಅಂಥ ಕುಂಡವನ್ನು ಕೆಲವು ದಿನ ನೀರು ತುಂಬಿಟ್ಟು ಚೆಲ್ಲುವ ಹಳೆಯ ರೂಢಿಗೆ ಅರ್ಥವಿದೆ.

ಕರ್ನಾಟಕದ ಎಲ್ಲ ಕಡೆಯೂ ಇದೇ ಕಥೆಯಲ್ಲ. ವಿಜಯಪುರ, ರಾಯಚೂರು ಕಡೆ ಸುಣ್ಣದ ಹರಳು ಬೆರೆತ ಎರೆ ಮಣ್ಣನ್ನೇ ಕುಂಡಕ್ಕೆ ತುಂಬಿದರೆ ನೀರು ಎಷ್ಟೇ ಒಳ್ಳೆಯದಿದ್ದರೂ ಎಲೆ ಹಳದಿಯಾಗುತ್ತದೆ. ಮಲೆನಾಡು, ಕರಾವಳಿಯಲ್ಲಿ ತದ್ವಿರುದ್ಧ. ಅಲ್ಲಿನ ಹುಳಿ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಆದರೆ ಜಡಿಮಳೆ ಬೋರಾನನ್ನು ತೊಳೆದುಕೊಂಡು ಹೋಗುತ್ತದೆ, ಹುಳಿ ಹೆಚ್ಚಾದಂತೆ ಮಾಲಿಬ್ಡಿನಂ ಸಿಗದಾಗುತ್ತದೆ. ಒಳನಾಡಿನ ಮಳೆಯಾಶ್ರಿತ ಹೊಲಗಳಲ್ಲಿ ಸತು, ಬೋರಾನ್‌ಗಳ ಕೊರತೆ ನಿಜಕ್ಕೂ ವ್ಯಾಪಕ. ರಾಜ್ಯ ಸರ್ಕಾರ 2009ರಲ್ಲಿ ಇಕ್ರಿಸ್ಯಾಟ್ ಜೊತೆ ಸೇರಿ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಮಣ್ಣು ಪರೀಕ್ಷೆ ಮಾಡಿ ರೈತರಿಗೆ ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ಒದಗಿಸಿದ್ದು ಅದಕ್ಕಾಗಿಯೇ. ಹಾಗಾಗಿ ಲಘು ಪೋಷಕಾಂಶ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಹೊಲದ ರೋಗಕ್ಕೆ ಬರೆದ ಚೀಟಿಯನ್ನು ಕುಂಡಕ್ಕೆ ತರಬಾರದು, ಅಷ್ಟೇ.

ಕೊರತೆ ಕಬ್ಬಿಣದ್ದೇ ಹೌದೋ ಅಲ್ಲವೋ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. 1840ರ ದಶಕದಲ್ಲಿ ಫ್ರಾನ್ಸಿನ ಯುಸೇಬ್ ಗ್ರಿ ಎಂಬಾತ ಹಳದಿಗಟ್ಟಿದ ಎಲೆಗಳಿಗೆ ಕಬ್ಬಿಣದ ಲವಣದ ದ್ರಾವಣವನ್ನು ಬಳಿದು, ಬಳಿದ ಜಾಗ ಹಸಿರಾಗುವುದನ್ನು ತೋರಿಸಿದ. ಸಸ್ಯಕ್ಕೆ ಕಬ್ಬಿಣ ಬೇಕು ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷ್ಯಗಳಲ್ಲಿ ಅದೊಂದು. ಈಗಲೂ ತಾರಸಿಯ ಮೇಲೆ ಮಾಡಬಹುದಾದ ಪರೀಕ್ಷೆ ಅದು. ಗ್ರಂಧಿಗೆ ಅಂಗಡಿಯಲ್ಲಿ ಅನ್ನಭೇದಿ ಎಂದು ಕೇಳಿದರೆ ಫೆರಸ್ ಸಲ್ಫೇಟ್ ಸಿಗುತ್ತದೆ. ತಿಳಿಹಸಿರು ಹರಳುಗಳು ಒಳ್ಳೆಯವು, ಕಂದು ಪುಡಿಯಾಗಿದ್ದರೆ ಹಳತು. ಒಂದು ಲೀಟರ್ ಮಳೆನೀರಿಗೋ ಕುಡಿಯುವ ಆರ್‌ಒ ನೀರಿಗೋ ಒಂದು ಗ್ರಾಂ ಹಾಕಿ, ಅಡುಗೆಮನೆಯ ನಿಂಬೆ ಉಪ್ಪಿನ ನಾಲ್ಕು ಹರಳು ಬೆರೆಸಿ. ಗುಲಾಬಿಯ ಒಂದು ಎಲೆಯಲ್ಲಿ ಐದೋ ಏಳೋ ಕಿರುಎಲೆಗಳಿರುತ್ತವಲ್ಲ, ಅವುಗಳಲ್ಲಿ ಒಂದು ಪಕ್ಕದವಕ್ಕೆ ಮಾತ್ರ ಸಂಜೆ ಹೊತ್ತು ಕುಂಚದಿಂದ ಎರಡೂ ಮೈಗೆ ತೆಳ್ಳಗೆ ಬಳಿಯಿರಿ, ಇನ್ನೊಂದು ಪಕ್ಕ ಮುಟ್ಟಬೇಡಿ. ಒಂದು ವಾರ, ಹತ್ತು ದಿನ ಕಾಯಿರಿ. ಬಳಿದ ಪಕ್ಕ ಹಸಿರಾದರೆ, ಪೂರ್ತಿ ಅಲ್ಲದಿದ್ದರೂ ದ್ರಾವಣ ನಿಂತಲ್ಲಿ ಹಸಿರು ಚುಕ್ಕಿಗಳು ಮೂಡಿದರೆ, ಕಬ್ಬಿಣದ್ದೇ ಕೊರತೆ. ಏನೂ ಆಗದಿದ್ದರೆ ಬೇರೆ ಕಾರಣ ಹುಡುಕಬೇಕು.

ನಿಂಬೆ ಉಪ್ಪು ಯಾಕೆ ಎಂದು ಕೇಳಿದರೆ ಎರಡು ಲೋಟಗಳಲ್ಲಿ ಉತ್ತರ ಸಿಗುತ್ತದೆ. ಒಂದರಲ್ಲಿ ಬೋರ್ ನೀರು, ಇನ್ನೊಂದರಲ್ಲಿ ನಿಂಬೆ ಉಪ್ಪು ಬೆರೆಸಿದ ಮಳೆನೀರು. ಎರಡಕ್ಕೂ ಒಂದೊಂದು ಚಿಟಿಕೆ ಅನ್ನಭೇದಿ. ಬೋರ್ ನೀರಿನ ಲೋಟ ನೋಡನೋಡುತ್ತಲೇ ಕದಡುತ್ತದೆ, ಹಸಿರು ಹಳದಿಯಾಗಿ, ಹಳದಿ ಇಟ್ಟಿಗೆ ಬಣ್ಣವಾಗಿ, ಕೊನೆಗೆ ತಳದಲ್ಲಿ ತುಕ್ಕಿನ ಗಸಿ ಕೂರುತ್ತದೆ. ಇನ್ನೊಂದು ಲೋಟ ಮರುದಿನವೂ ತಕ್ಕಮಟ್ಟಿಗೆ ತಿಳಿಯಾಗಿಯೇ ಇರುತ್ತದೆ. ನೀವು ಕುಂಡಕ್ಕೆ ಸುರಿದ ಅನ್ನಭೇದಿ ಕ್ಷಾರದ ಮಣ್ಣಿನಲ್ಲಿ ಏನಾಗುತ್ತದೆ ಎಂಬುದನ್ನು ಆ ಮೊದಲ ಲೋಟ ಕಣ್ಣೆದುರಿಗೇ ಮಾಡಿ ತೋರಿಸುತ್ತದೆ. ತುಕ್ಕು ಹಿಡಿದ ಮೊಳೆಗಳನ್ನು ಗುಲಾಬಿಯ ಬುಡದಲ್ಲಿ ಹೂಳುವ ನಮ್ಮ ಅಜ್ಜಿಯರ ಉಪಾಯವೂ ಇದೇ ಕಾರಣಕ್ಕೆ ಫಲ ಕೊಡದು. ತುಕ್ಕು ಅಲ್ಲಿ ಮೊದಲೇ ಧಾರಾಳವಾಗಿದೆ.

ಕಬ್ಬಿಣ ಗಸಿಯಾಗದಂತೆ ಸಾವಯವ ಅಣುವೊಂದು ಅದನ್ನು ಸುತ್ತಿ ಹಿಡಿದುಕೊಂಡರೆ ಅದಕ್ಕೆ ಚಿಲೇಟ್ ಎನ್ನುತ್ತಾರೆ. ನಿಂಬೆ ಉಪ್ಪು ಮಾಡಿದ್ದು ದುರ್ಬಲ ರೀತಿಯ ಚಿಲೇಟ್. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರಗಳಲ್ಲಿರುವ ಹ್ಯೂಮಿಕ್ ಆಮ್ಲಗಳೂ ಅದೇ ಕೆಲಸ ಮಾಡುತ್ತವೆ. ಗೊಬ್ಬರ ಹಾಕಿದ ಮೇಲೆ ಗಿಡಕ್ಕೆ ಬಣ್ಣ ಬರುವುದರಲ್ಲಿ ಇದರ ಪಾಲೂ ಇದೆ. ಅಂಗಡಿಯ ಚಿಲೇಟುಗಳಲ್ಲಿ ಬಹಳ ಸಿಗುವುದು ಇಡಿಟಿಎ, ಹಳದಿ ಪುಡಿ, ಕಬ್ಬಿಣ ಶೇ 12. ಎಲೆಗೆ ಸಿಂಪಡಿಸಲು ಚೆನ್ನ. ಮಣ್ಣಿಗೆ ಹಾಕಿದರೆ ಪಿಎಚ್ 6.5 ದಾಟುತ್ತಿದ್ದಂತೆ ಅದು ಕಬ್ಬಿಣವನ್ನು ಕೈಬಿಟ್ಟು ಕ್ಯಾಲ್ಸಿಯಂ ಕೈ ಹಿಡಿಯುತ್ತದೆ. ಡಿಟಿಪಿಎ 7ರ ಆಚೀಚೆವರೆಗೆ ತಾಳುತ್ತದೆ. ಇಡಿಡಿಎಚ್‌ಎ 9ರಲ್ಲೂ ಬಿಡುವುದಿಲ್ಲ. ನೀರಿಗೆ ಹಾಕಿದರೆ ಕಡುಗೆಂಪಾಗುವ ಈ ಪುಡಿಯಲ್ಲಿ ಕಬ್ಬಿಣ ಶೇ 6 ಮಾತ್ರ, ಬೆಲೆ ಬಲು ದುಬಾರಿ. ಬೋರ್ ನೀರಿನ ಕುಂಡಕ್ಕೆ ಕೆಲಸಕ್ಕೆ ಬರುವುದು ಇದೇ. ಶೇ 12 ಎಂಬ ದೊಡ್ಡ ಅಂಕಿ ನೋಡಿ ಇಡಿಟಿಎ ಕೊಂಡು ಮಣ್ಣಿಗೆ ಸುರಿಯುವವರೇ ಹೆಚ್ಚು.

ಉಳಿದ ಧಾತುಗಳ ಬಗ್ಗೆ ಬೇಗ ಹೇಳಿ ಮುಗಿಸಬಹುದು, ಒಂದನ್ನು ಬಿಟ್ಟು. ಸತು ಸಾಲದಿದ್ದರೆ ಚಿಗುರಿನ ಗೆಣ್ಣುಗಳ ನಡುವಿನ ಅಂತರ ಕುಗ್ಗುತ್ತದೆ, ಎಲೆ ಕಿರಿದಾಗಿ ತುದಿಯಲ್ಲಿ ಗುಂಪುಗುಂಪಾಗಿ ಕೂರುತ್ತದೆ. ಬೆಳವಣಿಗೆಯ ಹಾರ್ಮೋನು ತಯಾರಾಗಲು ಸತು ಬೇಕು. ಮ್ಯಾಂಗನೀಸಿನ ಕೊರತೆ ಕಬ್ಬಿಣದ್ದರಂತೆಯೇ ಕಂಡರೂ ನರದ ಎರಡೂ ಪಕ್ಕ ಹಸಿರಿನ ಪಟ್ಟಿ ದಪ್ಪವಾಗಿರುತ್ತದೆ. ಇವೆರಡೂ ಅನೇಕರ ಕುಂಡಗಳಿಗೆ ತಿಳಿಯದೆಯೇ ಸಿಗುತ್ತಿರುತ್ತವೆ. ಎಲೆಯ ಕಪ್ಪುಚುಕ್ಕಿ ರೋಗಕ್ಕೆ ಹೊಡೆಯುವ ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕದ ಅಣುವಿನಲ್ಲೇ ಮ್ಯಾಂಗನೀಸ್, ಸತು ಎರಡೂ ಇವೆ. ಔಷಧಿ ಹೊಡೆದ ಮೇಲೆ ಎಲೆಗೆ ವಿಶೇಷ ಕಳೆ ಬಂತು ಎಂದು ಬೆಳೆಗಾರರು ಹೇಳುವುದಕ್ಕೆ ಇದೂ ಒಂದು ಕಾರಣ. ತಾಮ್ರದ ಮಾತೂ ಹಾಗೆಯೇ. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಹೊಡೆಯುವ ಮಲೆನಾಡಿನ ಮನೆಗಳಲ್ಲಿ ಅಂಗಳದ ಗುಲಾಬಿಗೂ ಅದರ ತುಂತುರು ತಪ್ಪುವುದಿಲ್ಲ. ಸವರಿದ ಕೊಂಬೆಯ ತುದಿಗೆ ತಾಮ್ರದ ಲೇಪ ಹಚ್ಚುವವರು ಮತ್ತೆ ತಾಮ್ರದ ಗೊಬ್ಬರ ಕೊಡಬೇಕಾಗಿಲ್ಲ. ನೈಟ್ರೇಟನ್ನು ಗಿಡ ಅರಗಿಸಿಕೊಳ್ಳಲು ಮಾಲಿಬ್ಡಿನಂ, ಯೂರಿಯಾವನ್ನು ಅರಗಿಸಿಕೊಳ್ಳಲು ನಿಕಲ್ ಬೇಕು. ಎರಡೂ ಮಣ್ಣು, ಗೊಬ್ಬರಗಳಲ್ಲೇ ಇರುವಷ್ಟು ಸಾಕು. ಕ್ಲೋರಿನ್ನಂತೂ ನಲ್ಲಿ ನೀರಿನಲ್ಲೇ ಬರುತ್ತದೆ.

ಬಿಟ್ಟ ಒಂದು ಬೋರಾನ್. ಜೀವಕೋಶದ ಗೋಡೆಯ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುವುದು ಅದರ ಮುಖ್ಯ ಕೆಲಸ. ಅದು ಸಾಲದಿದ್ದರೆ ಬೇಗ ಬೆಳೆಯುವ ಭಾಗಗಳು, ಎಂದರೆ ಚಿಗುರಿನ ತುದಿ, ಬೇರಿನ ತುದಿ, ಮೊಗ್ಗು ಮೊದಲು ಕೆಡುತ್ತವೆ. ಹೂವಿಗೆ ಬೋರಾನ್ ಬೇಕು ಎಂಬ ಮಾತು ಇಲ್ಲಿಂದಲೇ ಹುಟ್ಟಿದ್ದು. ಮಾತು ಸರಿ. ಆಮೇಲೆ ಗ್ರಂಧಿಗೆ ಅಂಗಡಿಯ ಬಿಳಿಗಾರ, ಅದೇ ಬೋರಾಕ್ಸ್, ‘ಗಿಡಕ್ಕೊಂದು ಟೀ ಚಮಚ’ ಎಂಬ ಸಲಹೆ ಬಂತು ನೋಡಿ, ಅಲ್ಲಿ ಲೆಕ್ಕ ತಪ್ಪಿತು. ಕೊರತೆಯಿರುವ ಹೊಲಕ್ಕೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಎಕರೆಗೆ 2 ಕಿಲೊ ಬೋರಾಕ್ಸ್. ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಚದರ ಮೀಟರಿಗೆ ಅರ್ಧ ಗ್ರಾಂ ಬಂತು. ಹನ್ನೆರಡು ಇಂಚಿನ ಕುಂಡದ ಬಾಯಿಯ ವಿಸ್ತೀರ್ಣ 0.07 ಚದರ ಮೀಟರ್. ಆ ಕುಂಡದ ಪಾಲಿಗೆ ಬರುವುದು 35 ಮಿಲಿಗ್ರಾಂ. ಟೀ ಚಮಚದಲ್ಲಿ ಹಿಡಿಯುವುದು ಸುಮಾರು 5 ಗ್ರಾಂ, ಎಂದರೆ 140 ಪಾಲು. ಸತುವಿನ ಸಲ್ಫೇಟನ್ನು ಎಕರೆಗೆ 10 ಕಿಲೊ ಹಾಕುವ ಲೆಕ್ಕ ಹಿಡಿದರೂ ಕುಂಡಕ್ಕೆ ಸಿಗಬೇಕಾದದ್ದು ಗ್ರಾಂನ ಆರನೇ ಒಂದು ಭಾಗ, ಒಂದು ಸಣ್ಣ ಚಿಟಿಕೆ. ಸತು ಹೆಚ್ಚಾದರೆ ಗಿಡ ಸ್ವಲ್ಪ ಸಹಿಸಿಕೊಳ್ಳುತ್ತದೆ. ಬೋರಾನ್‌ನಲ್ಲಿ ಸಾಲದು ಎಂಬುದಕ್ಕೂ ಅತಿಯಾಯಿತು ಎಂಬುದಕ್ಕೂ ನಡುವಿನ ಜಾಗ ಬಹಳ ಕಿರಿದು, ಗುಲಾಬಿಯಂತೂ ಬೋರಾನ್ ವಿಷಯದಲ್ಲಿ ನಾಜೂಕಿನ ಗಿಡ.

ಬೋರಾನ್ ಅತಿಯಾದ ಎಲೆಯನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಬೇರು ಹೀರಿದ ನೀರಿನ ಜೊತೆ ಬೋರಾನ್ ಎಲೆಯ ಅಂಚಿನವರೆಗೆ ಬರುತ್ತದೆ, ನೀರು ಆವಿಯಾಗಿ ಹೋಗುತ್ತದೆ, ಬೋರಾನ್ ಅಲ್ಲೇ ಉಳಿಯುತ್ತದೆ. ಗುಲಾಬಿ ಎಲೆಯ ಅಂಚು ಗರಗಸದಂತಿರುತ್ತದಲ್ಲ, ಆ ಒಂದೊಂದು ಹಲ್ಲಿನ ತುದಿಯೂ ಕಪ್ಪಾಗುತ್ತದೆ, ಆಮೇಲೆ ಅಂಚು ಪೂರ್ತಿ ಸುಟ್ಟಂತಾಗುತ್ತದೆ. ಮೊದಲು ಬುಡದ ಹಳೆಯ ಎಲೆಗಳಲ್ಲಿ. ಹೀಗೆ ಕಂಡರೆ ಮಳೆನೀರನ್ನು ಧಾರಾಳವಾಗಿ, ಹಲವು ಬಾರಿ, ಕೆಳಗಿನ ತೂತಿನಿಂದ ಹರಿಯುವಂತೆ ಸುರಿಯುವುದೊಂದೇ ದಾರಿ. ಅದೂ ನಿಧಾನ. ಮಣ್ಣು ಬದಲಿಸುವುದು ಅದಕ್ಕಿಂತ ವಾಸಿ.

ಎಲೆ ಹಳದಿಯಾದದ್ದಕ್ಕೆಲ್ಲ ಧಾತುಗಳನ್ನೇ ದೂರಬಾರದು. ಹಳೆಯ ಎಲೆಗಳ ನರಗಳ ನಡುವೆ ಹಳದಿಯಾದರೆ ಅದು ಮೆಗ್ನೀಸಿಯಂ, ಲಘು ಪೋಷಕಾಂಶವೇ ಅಲ್ಲ; ಎಪ್ಸಂ ಸಾಲ್ಟ್ ಸಾಕು. ಎಲೆಯ ಮೇಲೆ ಸೂಜಿ ಚುಚ್ಚಿದಂಥ ಸಾವಿರ ಬಿಳಿಚುಕ್ಕಿಗಳಿದ್ದರೆ ಅಡಿಭಾಗವನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಿ. ಹರಿದಾಡುವ ಚುಕ್ಕಿಗಳು ಬಿದ್ದರೆ ಅದು ಮೈಟ್ ನುಸಿ. ಮೊಗ್ಗು ವಿಕಾರವಾಗಿ ಪಕಳೆಗಳ ಅಂಚು ಕಂದಾದರೆ ಬೋರಾನ್ ಎಂದು ಜನ ಓಡುತ್ತಾರೆ, ನಮ್ಮ ಬೇಸಿಗೆಯಲ್ಲಿ ಹತ್ತರಲ್ಲಿ ಒಂಬತ್ತು ಸಲ ಅದು ಥ್ರಿಪ್ಸ್ ಎಂದೇ ನಾನು ಹೇಳುವುದು. ಕುಂಡದಲ್ಲಿ ನೀರು ನಿಂತು ಬೇರು ಉಸಿರುಗಟ್ಟಿದರೂ ತುದಿ ಎಲೆ ಹಳದಿಯಾಗುತ್ತದೆ. ಕಬ್ಬಿಣ ಹೀರಲು ಬೇರಿಗೆ ಗಾಳಿ ಬೇಕು. ಇನ್ನು ಹೊಸ ಚಿಗುರು ಕೆಂಪಗೆ, ಕಂದು ಮಿಶ್ರಿತವಾಗಿ ಬರುವುದು ರೋಗವೇ ಅಲ್ಲ, ಹಲವು ಗುಲಾಬಿ ತಳಿಗಳ ಹುಟ್ಟುಗುಣ.

ಅಡುಗೆಮನೆಯಿಂದ ಕುಂಡಕ್ಕೆ ಹೋಗುವ ವಸ್ತುಗಳನ್ನೂ ಈ ಕಣ್ಣಿನಿಂದಲೇ ನೋಡಬೇಕು. ಮೊಟ್ಟೆಯ ಚಿಪ್ಪು ಸುಣ್ಣದ ಕಾರ್ಬೊನೇಟ್. ಕರಗುವುದು ನಿಧಾನವಾದ್ದರಿಂದ ಹೆಚ್ಚು ಕೆಡುಕಿಲ್ಲ, ಗಡಸು ನೀರಿನ ಕುಂಡಕ್ಕೆ ಪ್ರಯೋಜನವೂ ಇಲ್ಲ. ಒಲೆಯ ಬೂದಿ ಮಾತ್ರ ನೇರ ಕ್ಷಾರ, ಎಲೆ ಹಳದಿಯಾದ ಗುಲಾಬಿಗೆ ಹಾಕಲೇಬಾರದು. ಹೂವಿಗೆಂದು ಹಿಡಿಗಟ್ಟಲೆ ಸುರಿಯುವ ಎಲುಬಿನ ಪುಡಿ, ಡಿಎಪಿಗಳಿಂದ ರಂಜಕ ತುಂಬಿಕೊಂಡು ಕಬ್ಬಿಣ, ಸತು ಎರಡನ್ನೂ ಗಿಡಕ್ಕೆ ಸಿಗದಂತೆ ಮಾಡುತ್ತದೆ. ಸತು ಕೊರತೆಯ ಕುಂಡಗಳಲ್ಲಿ ಎಷ್ಟೋ ಸಲ ಸತು ಇರುತ್ತದೆ, ಕಾಟ ರಂಜಕದ್ದಿರುತ್ತದೆ. ಚಹಾ ಚರಟದಿಂದ ತೊಂದರೆಯಿಲ್ಲ, ಸಕ್ಕರೆ ತೊಳೆದು ಹಾಕಿದರಾಯಿತು. ತಾರಸಿಯ ಭಾರ ಕಡಿಮೆಯಾಗಲೆಂದು ತೆಂಗಿನ ನಾರಿನ ಪುಡಿ, ಕೊಕೊಪೀಟ್, ಬಳಸುವವರ ವಿಷಯ ಬೇರೆ. ಅದರಲ್ಲಿ ಮಣ್ಣಿನಲ್ಲಿರುವಂಥ ಖನಿಜದ ದಾಸ್ತಾನು ಇಲ್ಲ, ತೊಳೆಯದಿದ್ದರೆ ಪೊಟ್ಯಾಷ್, ಸೋಡಿಯಂ ಅತಿಯಾಗಿರುತ್ತವೆ. ಅಂಥ ಕುಂಡಕ್ಕೆ ಲಘು ಪೋಷಕಾಂಶವನ್ನು ನಿಯಮಿತವಾಗಿ, ಅತಿ ಕಡಿಮೆ ಪ್ರಮಾಣದಲ್ಲಿ ಕೊಡಲೇಬೇಕು. ಗೊಬ್ಬರ ಬೆರೆತ ಮಣ್ಣಿನ ಕುಂಡಕ್ಕೆ ಆ ಅನಿವಾರ್ಯ ಇಲ್ಲ.

ಹಾಗಿದ್ದರೆ ಇದೆಲ್ಲದರಿಂದ ಹೂವಿಗೆ ಏನು ಸಿಗುತ್ತದೆ? ಪ್ಯಾಕೆಟ್ಟಿನ ಮೇಲಿನ ಚಿತ್ರದಷ್ಟು ಅಲ್ಲ. ಕೊರತೆಯಿದ್ದ ಗಿಡಕ್ಕೆ ಕಬ್ಬಿಣ ಸಿಕ್ಕಿದರೆ ಎಲೆ ಹಸಿರಾಗುತ್ತದೆ, ಹಸಿರೆಲೆ ಹೆಚ್ಚು ಆಹಾರ ತಯಾರಿಸುತ್ತದೆ, ಮುಂದಿನ ಚಿಗುರು ದಪ್ಪವಾಗಿ ಬರುತ್ತದೆ, ಅದರ ತುದಿಯ ಮೊಗ್ಗು ದೊಡ್ಡದಾಗುತ್ತದೆ. ಗುಲಾಬಿ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ, ಸವರಿದ ಸುಮಾರು ಒಂದೂವರೆ ತಿಂಗಳಿಗೆ. ಆದ್ದರಿಂದ ಇವತ್ತಿನ ಸಿಂಪಡಣೆಯ ಫಲ ಇವತ್ತಿನ ಮೊಗ್ಗಿನಲ್ಲಿ ಕಾಣದು, ಮುಂದಿನ ಸುತ್ತಿನಲ್ಲಿ ಕಾಣುತ್ತದೆ. ಕೊರತೆ ಇಲ್ಲದ ಗಿಡಕ್ಕೆ ಕೊಟ್ಟರೆ ಏನೂ ಹೆಚ್ಚುವುದಿಲ್ಲ. ಮೊಗ್ಗಿಲ್ಲದೆ ಎಲೆಯಲ್ಲೇ ನಿಂತುಹೋಗುವ ಕುರುಡು ಚಿಗುರಿಗೆ ಮುಖ್ಯ ಕಾರಣ ಬೆಳಕಿನ ಅಭಾವ. ಐದಾರು ಗಂಟೆ ನೇರ ಬಿಸಿಲು ಬೀಳದ ಬಾಲ್ಕನಿಯಲ್ಲಿ ಯಾವ ಪ್ಯಾಕೆಟ್ಟೂ ಹೂ ಬಿಡಿಸಲಾರದು.

ಇನ್ನೊಂದು ವಿಷಯ ಮಣ್ಣಿನೊಳಗೆ ಅಡಗಿರುತ್ತದೆ. ನರ್ಸರಿಯಿಂದ ತಂದ ಗುಲಾಬಿಯ ಮೇಲ್ಭಾಗ ಒಂದು ತಳಿ, ಬೇರು ಇನ್ನೊಂದು. ಕಾಡುಗುಲಾಬಿಯ ಬೇರಿಗೆ ಕಣ್ಣು ಕಸಿ ಮಾಡಿರುತ್ತಾರೆ. ಬಹಳ ಬಳಕೆಯಲ್ಲಿರುವ ಮಲ್ಟಿಫ್ಲೋರಾ ಬೇರಿಗೆ ಹುಳಿ ಮಣ್ಣು ಹಿತ, ಸುಣ್ಣದ ಮಣ್ಣಿನಲ್ಲಿ ಅದು ಬೇಗ ಸೋಲುತ್ತದೆ. ಅಕ್ಕಪಕ್ಕದ ಎರಡು ಕುಂಡ, ಒಂದೇ ನೀರು, ಒಂದೇ ಗೊಬ್ಬರ, ಒಂದು ಹಸಿರು ಇನ್ನೊಂದು ಹಳದಿ ಎಂದು ತಲೆ ಕೆರೆದುಕೊಳ್ಳುವವರು ಕಸಿಗಂಟಿನ ಕೆಳಗಿರುವುದು ಯಾವುದು ಎಂದು ವಿಚಾರಿಸಬೇಕು. ದುರದೃಷ್ಟಕ್ಕೆ ಮಾರುವವರಿಗೂ ಅದು ಗೊತ್ತಿರುವುದು ಕಡಿಮೆ.

ಕೈ ಹಾಕುವ ಕ್ರಮ ಹೀಗಿರಲಿ. ಮೊದಲು ಕುಂಡಕ್ಕೆ ನೀರು ಹಾಕಿ ಕೆಳಗಿನ ತೂತಿನಿಂದ ಬಂದದ್ದನ್ನು ಒಂದು ಬಟ್ಟಲಲ್ಲಿ ಹಿಡಿದು ಪಿಎಚ್ ಕಾಗದ ಅದ್ದಿ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುತ್ತದೆ. 7.5 ದಾಟಿದ್ದರೆ ನೀರು ಬದಲಿಸಿ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯಲ್ಲಿ ಗುಲಾಬಿಗೆ ಆ ನಲ್ಲಿಯನ್ನೇ ಮೀಸಲಿಡಿ. ನಗರದಲ್ಲಿ ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹ 2009ರಿಂದ ಕಡ್ಡಾಯ, ಆ ತೊಟ್ಟಿಯ ನೀರಿಗಿಂತ ಒಳ್ಳೆಯದು ಗುಲಾಬಿಗೆ ಇಲ್ಲ. ಎರಡೂ ಇಲ್ಲದವರು ತಿಂಗಳಿಗೊಮ್ಮೆ ಲೀಟರಿಗೆ ಒಂದು ಗ್ರಾಂ ಅಮೋನಿಯಂ ಸಲ್ಫೇಟ್ ಕೊಡಬಹುದು. ಬೇರು ಅಮೋನಿಯಂ ಹೀರಿಕೊಂಡಾಗ ಸುತ್ತಲಿನ ಮಣ್ಣು ಹುಳಿಯಾಗುತ್ತದೆ. ಗಿಡ ತೀರಾ ಬಿಳಿಚಿಕೊಂಡಿದ್ದರೆ ಒಂದು ಗ್ರಾಂ ಇಡಿಡಿಎಚ್‌ಎ ನೀರಿನಲ್ಲಿ ಕರಗಿಸಿ ಮಣ್ಣಿಗೆ ಹಾಕಿ. ಎಲೆಗಲ್ಲ, ಬಿಸಿಲಿಗೆ ಅದು ಒಡೆದುಹೋಗುತ್ತದೆ. ಒಂದಕ್ಕಿಂತ ಹೆಚ್ಚು ಧಾತು ಸಾಲದೆಂದು ಅನುಮಾನವಿದ್ದಾಗ ಎಲೆಯ ದಾರಿಯೇ ಸುರಕ್ಷಿತ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಾಳೆ, ಮಾವು, ತರಕಾರಿಗಳಿಗೆ ರೂಪಿಸಿದ ಲಘು ಪೋಷಕಾಂಶ ಮಿಶ್ರಣಗಳೂ ಎಲೆಗೆ ಸಿಂಪಡಿಸುವಂಥವೇ. ಗುಲಾಬಿಗೆ ದಕ್ಷಿಣ ಭಾರತದಲ್ಲಿ ಹೇಳುವ ಒಂದು ಹಳೆಯ ಪಾಕ: ಮ್ಯಾಂಗನೀಸ್ ಸಲ್ಫೇಟ್ 20 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 15, ಫೆರಸ್ ಸಲ್ಫೇಟ್ 10, ಬೋರಾಕ್ಸ್ 5, ಒಣದಾಗಿ ಬೆರೆಸಿಟ್ಟು ಲೀಟರಿಗೆ 2 ಗ್ರಾಂನಂತೆ ಸಿಂಪಡಣೆ. ಬೋರಾಕ್ಸ್ ಪಾಲು ಎಷ್ಟು ಕಡಿಮೆ ಎಂಬುದನ್ನು ಗಮನಿಸಿ: ಲೀಟರಿಗೆ 0.2 ಗ್ರಾಂ.

ಸವರಿದ ಮೇಲೆ ಬಂದ ಚಿಗುರಿನ ಕೆಂಪು ಇಳಿದು ಎಲೆ ಅಗಲವಾದಾಗ ಮೊದಲ ಸಿಂಪಡಣೆ, ಹದಿನೈದು ದಿನ ಬಿಟ್ಟು ಇನ್ನೊಂದು, ಮೊಗ್ಗು ಬಣ್ಣ ತೋರಿಸುವ ಮೊದಲೇ ನಿಲ್ಲಿಸಬೇಕು. ಪಕಳೆಯ ಮೇಲೆ ಕಬ್ಬಿಣದ ಹನಿ ಬಿದ್ದರೆ ಕಲೆ ಹೋಗುವುದಿಲ್ಲ. ಎಲೆಯ ಅಡಿಮೈ ಒದ್ದೆಯಾಗಬೇಕು, ಹೊತ್ತು ಸಂಜೆಯದಾಗಿರಬೇಕು, ಆದರೆ ರಾತ್ರಿಗೆ ಮುಂಚೆ ಎಲೆ ಆರುವಷ್ಟು ಸಮಯವೂ ಉಳಿದಿರಬೇಕು. ಇಲ್ಲದಿದ್ದರೆ ಕಪ್ಪುಚುಕ್ಕಿ ರೋಗಕ್ಕೆ ನಾವೇ ಕರೆಕೊಟ್ಟಂತೆ. ಆಗಲೇ ಹಳದಿಯಾದ ಎಲೆ ಪೂರ್ತಿ ಹಸಿರಾಗದಿದ್ದರೆ ಮತ್ತೆ ಮತ್ತೆ ಹೊಡೆಯಬೇಡಿ. ಹೊಸದಾಗಿ ಬಂದ ಮೂರು ಎಲೆ ಹಸಿರಾಗಿದ್ದರೆ ಡಬ್ಬಿ ಮುಚ್ಚಿಡಬಹುದು.